ವರ್ಷಗಟ್ಟಲೆ ಬಿಡದ ಎದೆಯುರಿ: ಮಾತ್ರೆ, ಊಟದ ತಟ್ಟೆ, ಆಪರೇಷನ್

ಒಂಬತ್ತು ವರ್ಷ ನಾನು ಗ್ಯಾಸ್ಟ್ರಿಕ್ ಮಾತ್ರೆಯನ್ನು ತಪ್ಪಾಗಿ ನುಂಗಿದೆ. ಪ್ಯಾಂಟೊಪ್ರಜೋಲ್ 40, ದಿನಾ ಒಂದು, ತಿಂಡಿ ಆದ ಮೇಲೆ. ಮೆಡಿಕಲ್ ಸ್ಟೋರ್ ಹುಡುಗ ನನ್ನ ಮುಖ ಕಂಡ ಕೂಡಲೇ ಸ್ಟ್ರಿಪ್ ತೆಗೆದು ಕೌಂಟರ್ ಮೇಲೆ ಇಡುತ್ತಿದ್ದ. ಆದರೂ ರಾತ್ರಿ ಎರಡು ಗಂಟೆಗೆ ಗಂಟಲಿಗೆ ಹುಳಿ ನೀರು ಬಂದು ಎದ್ದು ಕೂರುವುದು ತಪ್ಪಿರಲಿಲ್ಲ. ಕೊನೆಗೆ ಹೊಟ್ಟೆ-ಕರುಳಿನ ಡಾಕ್ಟರ್ ಒಬ್ಬರ ಹತ್ತಿರ ಹೋದೆ. ಅವರು ಫೈಲ್ ತೆರೆಯುವ ಮೊದಲೇ ಕೇಳಿದರು, "ಮಾತ್ರೆ ಯಾವಾಗ ನುಂಗ್ತೀರಿ?"

"ತಿಂಡಿ ಆದ ಮೇಲೆ ಸಾರ್."

"ಹಾಗಾದ್ರೆ ಅರ್ಧ ದುಡ್ಡು ನೀರಿಗೆ ಹಾಕಿದ ಹಾಗೆ."

ಅಲ್ಲಿಂದ ಮುಂದೆ ನಾನು ಓದಿದ್ದು, ಕೇಳಿ ತಿಳಿದದ್ದು, ನನ್ನ ಮೈ ಮೇಲೆ ಪ್ರಯೋಗ ಮಾಡಿ ಕಲಿತದ್ದು ಇಲ್ಲಿದೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಎದೆಯುರಿ ಇರುವವರಿಗೆ ಇದು. ಮದುವೆ ಊಟದ ಮಾರನೇ ದಿನ ಒಮ್ಮೆ ಉರಿ ಬಂದವರಿಗೆ ಇಷ್ಟೆಲ್ಲ ಬೇಕಾಗಿಲ್ಲ. ನಾನು ಡಾಕ್ಟರ್ ಅಲ್ಲ. ಯಾವ ಮಾತ್ರೆ, ಎಷ್ಟು ಡೋಸ್ ಅನ್ನುವುದನ್ನು ನಿಮ್ಮನ್ನು ನೋಡಿದ ಡಾಕ್ಟರೇ ಹೇಳಬೇಕು.

ಮೊದಲು: ಇದು ನಿಜಕ್ಕೂ ಗ್ಯಾಸ್ಟ್ರಿಕ್ಕಾ?

ನಮ್ಮಲ್ಲಿ ಎದೆಯಿಂದ ಹೊಕ್ಕಳಿನವರೆಗೆ ಏನೇ ಆದರೂ ಅದಕ್ಕೆ ಗ್ಯಾಸ್ಟ್ರಿಕ್ ಅಂತಲೇ ಹೆಸರು. ಹೊಟ್ಟೆ ಉಬ್ಬರ, ಹುಳಿ ತೇಗು, ಅಜೀರ್ಣ, ಹಿರಿಯರ ಬಾಯಲ್ಲಿ ಬರುವ ಪಿತ್ತ, ಎಲ್ಲವೂ ಅದೇ. ಇದರಲ್ಲಿ ದೊಡ್ಡ ಅಪಾಯ ಒಂದಿದೆ. ಹಾರ್ಟ್ ಅಟ್ಯಾಕ್ ಕೂಡ ಎಷ್ಟೋ ಜನರಿಗೆ ಉರಿಯ ಹಾಗೆ, ಗ್ಯಾಸ್ ತುಂಬಿದ ಹಾಗೆಯೇ ಶುರುವಾಗುತ್ತದೆ. ಶುಗರ್ ಇರುವವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ಎದೆನೋವು ಸರಿಯಾಗಿ ಗೊತ್ತಾಗದೇ ಇರಬಹುದು.

ಹಾಗಾಗಿ ಎದೆಯಲ್ಲಿ ಒತ್ತಿದ ಹಾಗಾದರೆ, ನೋವು ಎಡಗೈಗೋ ದವಡೆಗೋ ಬೆನ್ನಿಗೋ ಹರಿದರೆ, ಬೆವರು ಕಿತ್ತುಕೊಂಡು ಬಂದರೆ, ಮೆಟ್ಟಿಲು ಹತ್ತುವಾಗ ಬಂದು ಕೂತಾಗ ಹೋದರೆ ಈನೋ ಕುಡಿದು ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆಯುತ್ತಾರೆ. ಹಾರ್ಟ್ ಅಟ್ಯಾಕ್ ಆಗಿದ್ದರೆ ರಕ್ತ ಹೆಪ್ಪುಗಟ್ಟಿದ್ದನ್ನು ಕರಗಿಸುವ ಇಂಜೆಕ್ಷನ್ ಕೂಡ ಉಚಿತವಾಗಿ ಕೊಡುತ್ತಾರೆ. ಇಸಿಜಿ ಸರಿಯಿದ್ದು ಗ್ಯಾಸ್ ಅಂತ ಗೊತ್ತಾದರೆ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಇನ್ನು ಕೆಲವು ಲಕ್ಷಣಗಳಿವೆ. ಇವು ಕಂಡರೆ ಮನೆಮದ್ದು, ಮಾತ್ರೆ ಅಂತ ದಿನ ದೂಡದೆ ನೇರ ಡಾಕ್ಟರ್ ಹತ್ತಿರ ಹೋಗಬೇಕು:

- ಅನ್ನ, ರೊಟ್ಟಿ ಎದೆಯಲ್ಲಿ ಸಿಕ್ಕಿಕೊಂಡ ಹಾಗಾಗುವುದು, ನುಂಗುವಾಗ ನೋವು
- ಪ್ರಯತ್ನ ಪಡದೆ ತೂಕ ಇಳಿಯುವುದು
- ರಕ್ತ ವಾಂತಿ, ಟಾರಿನ ಹಾಗೆ ಕಪ್ಪು ಮಲ
- ಹಿಮೋಗ್ಲೋಬಿನ್ ಕಡಿಮೆ ಇದೆ ಅಂತ ರಿಪೋರ್ಟ್ ಬಂದಿರುವುದು
- ಮೇಲಿಂದ ಮೇಲೆ ವಾಂತಿ
- ಐವತ್ತು ದಾಟಿದ ಮೇಲೆ ಹೊಸದಾಗಿ ಉರಿ ಶುರುವಾಗಿರುವುದು

ಮೊದಲನೆಯದನ್ನು ಜನ ಬಹಳ ಹಗುರವಾಗಿ ತಗೊಳ್ಳುತ್ತಾರೆ. "ಗಟ್ಟಿ ಇಳೀತಿಲ್ಲ, ಗಂಜಿ ಕುಡೀತೀನಿ" ಅಂತ ತಿಂಗಳು ಕಳೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಒಳಗೆ ಆಗುವುದೇನು

ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಸ್ನಾಯುವಿನ ಒಂದು ಉಂಗುರ ಇದೆ. ಅದನ್ನೇ ಬಾಗಿಲು ಅಂದುಕೊಳ್ಳಿ. ನುಂಗಿದಾಗ ತೆರೆಯುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಅದರ ಸುತ್ತ ವಪೆಯ (ಎದೆ, ಹೊಟ್ಟೆಯ ನಡುವಿನ ಪರದೆ) ಸ್ನಾಯು ಹೊರಗಿನಿಂದ ಬಿಗಿ ಹಿಡಿದಿರುತ್ತದೆ. ಈ ಬಾಗಿಲು ಆಗಾಗ ಸುಮ್ನೆ ಸಡಿಲವಾದರೆ, ಅಥವಾ ಹೊಟ್ಟೆಯ ಮೇಲ್ಭಾಗ ವಪೆಯ ತೂತಿನಿಂದ ಎದೆಗೂಡಿಗೆ ಜಾರಿದರೆ, ಆಮ್ಲ ಮೇಲಕ್ಕೆ ಬರುತ್ತದೆ. ಹಾಗೆ ಜಾರುವುದಕ್ಕೆ ಹಯಾಟಸ್ ಹರ್ನಿಯಾ ಅನ್ನುತ್ತಾರೆ.

ಹೆಚ್ಚಿನವರ ಹೊಟ್ಟೆಯಲ್ಲಿ ಆಮ್ಲ ಇರಬೇಕಾದಷ್ಟೇ ಇರುತ್ತದೆ. ಇರಬೇಕಾದ ಜಾಗದಲ್ಲಿ ಇರುವುದಿಲ್ಲ, ಅಷ್ಟೇ. ಮಾತ್ರೆ ನುಂಗಿದರೆ ಬಾಗಿಲು ರಿಪೇರಿ ಆಗುವುದಿಲ್ಲ. ಮೇಲೆ ಬರುವ ನೀರಿನ ಖಾರ ಕಡಿಮೆಯಾಗುತ್ತದೆ. ಊಟದ ಪಥ್ಯ, ತೂಕ ಇಳಿಸುವುದು ಬಾಗಿಲ ಮೇಲಿನ ಒತ್ತಡ ತಗ್ಗಿಸುತ್ತವೆ. ಬಾಗಿಲನ್ನು ಮುಟ್ಟುವುದು ಆಪರೇಷನ್ ಮಾತ್ರ. ಇದು ನನಗೆ ಅರ್ಥವಾದ ದಿನ, "ಇಷ್ಟು ಮಾತ್ರೆ ತಿಂದರೂ ಯಾಕೆ ಹುಳಿ ನೀರು ಬರುತ್ತೆ" ಅನ್ನುವ ಸಿಟ್ಟು ಹೋಯಿತು.

ಎರಡು ವಾರ ಒಂದು ನೋಟ್‌ಬುಕ್

ಡಾಕ್ಟರ್ ಹತ್ತಿರ ಹೋಗುವ ಮುಂಚೆ ಇದನ್ನು ಮಾಡಿ. ದಿನಾ ನಾಲ್ಕು ಸಾಲು ಸಾಕು. ಏನು ತಿಂದೆ, ಎಷ್ಟೊತ್ತಿಗೆ ತಿಂದೆ, ಎಷ್ಟೊತ್ತಿಗೆ ಮಲಗಿದೆ, ಉರಿ ಯಾವಾಗ ಬಂತು. ಬೇರೆ ಮಾತ್ರೆಗಳ ಹೆಸರನ್ನೂ ಕೊನೇ ಪುಟದಲ್ಲಿ ಬರೆಯಿರಿ. ಬಿಪಿಗೆ ಕೊಡುವ ಆಮ್ಲೋಡಿಪಿನ್, ಎದೆನೋವಿಗೆ ಕೊಡುವ ನೈಟ್ರೇಟ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ಇವು ಆ ಬಾಗಿಲನ್ನು ಸಡಿಲ ಮಾಡಬಲ್ಲವು. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್, ಡಾಕ್ಸಿಸೈಕ್ಲಿನ್ ಮಾತ್ರೆ ಗುಟುಕು ನೀರಲ್ಲಿ ನುಂಗಿ ಮಲಗಿದರೆ ಅನ್ನನಾಳವನ್ನೇ ಸುಡುತ್ತವೆ. ಮಂಡಿ ನೋವಿಗೆ ತಾವೇ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಹೊಟ್ಟೆಗೆ ಹುಣ್ಣು ಮಾಡುತ್ತವೆ. ಆದರೆ ಬಿಪಿ, ಹಾರ್ಟ್ ಮಾತ್ರೆಗಳನ್ನು ನೀವೇ ನಿಲ್ಲಿಸಬೇಡಿ. ಪಟ್ಟಿ ತೋರಿಸಿ ಕೇಳಿ, ಸಾಕು.

ನನ್ನ ನೋಟ್‌ಬುಕ್ ತೋರಿಸಿದ್ದು ನಾನು ಅಂದುಕೊಂಡದ್ದೇ ಅಲ್ಲ. ಬೈಗುಳವೆಲ್ಲ ನಾನು ಮೆಣಸಿನಕಾಯಿ ಬಜ್ಜಿಗೆ ಮೀಸಲಿಟ್ಟಿದ್ದೆ. ಉರಿ ಬಂದ ಹದಿನಾಲ್ಕು ರಾತ್ರಿಗಳಲ್ಲಿ ಹನ್ನೊಂದು ರಾತ್ರಿ ನಾನು ಹತ್ತೂವರೆಗೆ ಉಂಡು ಹನ್ನೊಂದಕ್ಕೆ ಮಲಗಿದ್ದೆ.

ಮಾತ್ರೆ: ಯಾವುದು, ಯಾವಾಗ, ಎಷ್ಟು ದಿನ

ಈ ಭಾಗ ಸ್ವಲ್ಪ ಉದ್ದ. ನಮ್ಮಲ್ಲಿ ತಪ್ಪಾಗುವುದೇ ಇಲ್ಲಿ.

ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಎಸೊಮೆಪ್ರಜೋಲ್. ಹೆಸರಿನ ಕೊನೆಗೆ "ಪ್ರಜೋಲ್" ಇರುವ ಈ ಹೊಟ್ಟೆ ಮಾತ್ರೆಗಳೆಲ್ಲ ಒಂದೇ ಮನೆತನ. ಹೊಟ್ಟೆಯ ಒಳಗೋಡೆಯಲ್ಲಿ ಆಮ್ಲ ಸುರಿಸುವ ಸಣ್ಣ ಸಣ್ಣ ಪಂಪ್‌ಗಳಿವೆ. ಈ ಮಾತ್ರೆಗಳು ಆ ಪಂಪ್‌ಗಳನ್ನು ಬಂದ್ ಮಾಡುತ್ತವೆ. ಆದರೆ ಓಡುತ್ತಿರುವ ಪಂಪನ್ನು ಮಾತ್ರ. ರಾತ್ರಿಯೆಲ್ಲ ಖಾಲಿ ಹೊಟ್ಟೆಯಲ್ಲಿ ಹೆಚ್ಚಿನ ಪಂಪ್‌ಗಳು ನಿದ್ದೆಯಲ್ಲಿರುತ್ತವೆ. ಬೆಳಗಿನ ತಿಂಡಿ ಒಳಗೆ ಹೋದಾಗ ಏಳುತ್ತವೆ. ಮಾತ್ರೆ ರಕ್ತದಲ್ಲಿ ಇರುವುದು ಒಂದೆರಡು ಗಂಟೆ ಮಾತ್ರ. ಅಂದರೆ ಪಂಪ್ ಏಳುವ ಹೊತ್ತಿಗೆ ಮಾತ್ರೆ ಅಲ್ಲಿ ಕಾಯುತ್ತಿರಬೇಕು. ಅದಕ್ಕೇ ತಿಂಡಿಗೆ ಅರ್ಧದಿಂದ ಒಂದು ಗಂಟೆ ಮುಂಚೆ. ತಿಂಡಿ ಆದ ಮೇಲೆ ನುಂಗಿದರೆ ಮಾತ್ರೆ ಹೋಗಿ ಸೇರುವಷ್ಟರಲ್ಲಿ ಜಾತ್ರೆ ಮುಗಿದಿರುತ್ತದೆ.

ಮಾತ್ರೆ ನುಂಗಿ ತಿಂಡಿಯನ್ನೇ ಬಿಟ್ಟು ಬರೀ ಕಾಫಿಯಲ್ಲಿ ಹನ್ನೊಂದು ಗಂಟೆವರೆಗೆ ತಳ್ಳುವವರಿದ್ದಾರೆ. ಅದೂ ದಂಡ. ಗುಳಿಗೆಯನ್ನು ಜಗಿಯಬೇಡಿ, ಪುಡಿ ಮಾಡಬೇಡಿ. ಹೊಟ್ಟೆಯ ಆಮ್ಲಕ್ಕೆ ಸಿಕ್ಕಿ ಹಾಳಾಗಬಾರದು ಅಂತಲೇ ಅದರ ಮೇಲೆ ಲೇಪ ಕೊಟ್ಟಿರುತ್ತಾರೆ.

ಇನ್ನೊಂದು. ಇದು ಉರಿ ಬಂದಾಗ ನುಂಗುವ ಮಾತ್ರೆ ಅಲ್ಲ. ಪೂರ್ತಿ ಪರಿಣಾಮ ಕಾಣಲು ಮೂರರಿಂದ ಐದು ದಿನ ಬೇಕು. ಆ ಕ್ಷಣದ ಉರಿಗೆ ಡೈಜಿನ್, ಜೆಲುಸಿಲ್ ಥರದ ಆಂಟಾಸಿಡ್ ಇದೆ. ಗ್ಯಾವಿಸ್ಕಾನ್ ಥರದ ಆಲ್ಜಿನೇಟ್ ಸಿರಪ್ ಊಟದ ಮೇಲೆ, ಮಲಗುವ ಮುಂಚೆ ಒಳ್ಳೇದು. ಅದು ಹೊಟ್ಟೆಯಲ್ಲಿರುವ ಊಟದ ಮೇಲೆ ಹಾಲಿನ ಕೆನೆ ಹಾಗೆ ತೇಲಿ ಆಮ್ಲ ಮೇಲೇರದಂತೆ ತಡೆಯುತ್ತದೆ. ಈನೋದಲ್ಲಿ ಸೋಡಿಯಂ ಜಾಸ್ತಿ. ಬಿಪಿ, ಕಿಡ್ನಿ, ಹಾರ್ಟ್ ತೊಂದರೆ ಇರುವವರು ದಿನಾ ಕುಡಿಯುವಂಥದ್ದಲ್ಲ.

ಥೈರಾಯ್ಡ್ ಮಾತ್ರೆ ತಗೊಳ್ಳುವವರಿಗೆ ಬೆಳಗ್ಗೆ ಗೊಂದಲ ಆಗುತ್ತದೆ, ಎರಡೂ ಖಾಲಿ ಹೊಟ್ಟೆಗೆ ಅಂತ. ನಮ್ಮ ಮನೆಯಲ್ಲಿ ಹೀಗೆ ಮಾಡಿಕೊಂಡಿದ್ದೇವೆ: ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ, ಅರ್ಧ ಗಂಟೆ ಬಿಟ್ಟು ಹೊಟ್ಟೆ ಮಾತ್ರೆ, ಮತ್ತೆ ಅರ್ಧ ಗಂಟೆ ಬಿಟ್ಟು ತಿಂಡಿ. ಆಂಟಾಸಿಡ್‌ಗೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರ ಇರಲಿ. ಆಮ್ಲ ತಗ್ಗಿದರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತುವುದೂ ಕಡಿಮೆ ಆಗಬಹುದು, ಹಾಗಾಗಿ ಹೊಸದಾಗಿ ಶುರು ಮಾಡಿದಾಗ ಥೈರಾಯ್ಡ್ ರಕ್ತ ಪರೀಕ್ಷೆಯಾದ ಟಿಎಸ್‌ಎಚ್ ಒಮ್ಮೆ ನೋಡಿಸಿ. ಸ್ಟೆಂಟ್ ಹಾಕಿಸಿಕೊಂಡು ಕ್ಲೋಪಿಡೋಗ್ರೆಲ್ ತಗೊಳ್ಳುವವರಿಗೆ ಒಮೆಪ್ರಜೋಲ್, ಎಸೊಮೆಪ್ರಜೋಲ್ ಒಗ್ಗುವುದಿಲ್ಲ. ಹಾರ್ಟ್ ಡಾಕ್ಟರನ್ನು ಕೇಳಿ.

ಮೊದಲ ಸುತ್ತು ಸಾಮಾನ್ಯವಾಗಿ ಎಂಟು ವಾರ, ದಿನಕ್ಕೊಂದು. ಗುಣ ಕಂಡರೆ ಅಲ್ಲಿಂದ ಇಳಿಸುವ ಮಾತು. ಗುಣ ಕಾಣದಿದ್ದರೆ ಮೊದಲು ಹೊತ್ತು ಸರಿಪಡಿಸಿ. ಆಮೇಲೆ ಡಾಕ್ಟರ್ ದಿನಕ್ಕೆರಡು ಮಾಡಬಹುದು, ತಿಂಡಿಗೆ ಮುಂಚೆ ಒಂದು, ರಾತ್ರಿ ಊಟಕ್ಕೆ ಮುಂಚೆ ಒಂದು. ಒಮ್ಮೆ ಇದೇ ಮನೆತನದ ಬೇರೆ ಮಾತ್ರೆಗೆ ಬದಲಿಸಿ ನೋಡಬಹುದು. ಅದಾದ ಮೇಲೂ ಉರಿ ಇದ್ದರೆ ಮೂರನೇ ಮಾತ್ರೆ ಹುಡುಕಬೇಡಿ, ಪರೀಕ್ಷೆ ಮಾಡಿಸಿ. ದುಡ್ಡಿನ ಚಿಂತೆ ಇದ್ದರೆ ಇದೇ ಮಾತ್ರೆಗಳು ಜನೌಷಧಿ ಅಂಗಡಿಯಲ್ಲಿ ಬಹಳ ಕಡಿಮೆಗೆ ಸಿಗುತ್ತವೆ.

ಪ್ಯಾಂಟೊಪ್ರಜೋಲ್ ಜೊತೆ ಇನ್ನೊಂದು ಔಷಧಿ ಸೇರಿಸಿದ ಪ್ಯಾನ್-ಡಿ ಬಗ್ಗೆ ಒಂದು ಮಾತು. ಆ "ಡಿ" ಅಂದರೆ ಡೊಂಪೆರಿಡೋನ್, ವಾಕರಿಕೆ ತಡೆಯುವ ಔಷಧಿ. ಹೃದಯದ ಬಡಿತದ ಲಯ ಕೆಡಿಸಬಹುದು ಅನ್ನುವ ಕಾರಣಕ್ಕೆ ಯುರೋಪಿನ ಔಷಧ ನಿಯಂತ್ರಕರು 2014ರಲ್ಲೇ ಅದನ್ನು ವಾಕರಿಕೆ-ವಾಂತಿಗೆ ಮಾತ್ರ, ಸಾಮಾನ್ಯವಾಗಿ ಒಂದು ವಾರದ ಒಳಗೆ ಅಂತ ಬಿಗಿ ಮಾಡಿದರು. ನಮ್ಮಲ್ಲಿ ಅದನ್ನು ಪೆಪ್ಪರ್‌ಮೆಂಟಿನ ಹಾಗೆ ವರ್ಷಗಟ್ಟಲೆ ತಿನ್ನುತ್ತಾರೆ. ನಿಮಗೆ ವಾಕರಿಕೆ ಇಲ್ಲದಿದ್ದರೆ "ಡಿ ಇಲ್ಲದ್ದು ಸಾಕಾ?" ಅಂತ ಡಾಕ್ಟರನ್ನು ಕೇಳುವುದರಲ್ಲಿ ತಪ್ಪಿಲ್ಲ.

ರಾನಿಟಿಡಿನ್ ನೆನಪಿದೆ ಅಲ್ವಾ? ಹಳ್ಳಿಯಲ್ಲೂ ಸಿಗುತ್ತಿತ್ತು. ಕ್ಯಾನ್ಸರ್ ತರಬಹುದಾದ ಕಲ್ಮಶ ಅದರಲ್ಲಿ 2019ರಲ್ಲಿ ಸಿಕ್ಕಿತು. ಅಮೆರಿಕ 2020ರಲ್ಲಿ ಮಾರುಕಟ್ಟೆಯಿಂದ ತೆಗೆಸಿತು, ಭಾರತ 2022ರಲ್ಲಿ ಅಗತ್ಯ ಔಷಧಗಳ ಪಟ್ಟಿಯಿಂದ ಕೈಬಿಟ್ಟಿತು. ಹಳೇ ಸ್ಟ್ರಿಪ್ ಡಬ್ಬದಲ್ಲಿದ್ದರೆ ಎಸೆಯಿರಿ. ಅದೇ ಗುಂಪಿನ ಫಾಮೋಟಿಡಿನ್ ಇದೆ. ರಾತ್ರಿಯ ಉರಿಗೆ ಆಗೊಮ್ಮೆ ಈಗೊಮ್ಮೆ ಚೆನ್ನಾಗಿ ಕೆಲಸ ಮಾಡುತ್ತದೆ; ದಿನಾ ನುಂಗಿದರೆ ಒಂದೆರಡು ವಾರದಲ್ಲಿ ಮೈಗೆ ಒಗ್ಗಿ ಪರಿಣಾಮ ತಗ್ಗುತ್ತದೆ. ಹೊಸದಾಗಿ ಬಂದಿರುವ ವೊನೊಪ್ರಜಾನ್ ಬೇರೆ ಜಾತಿ. ಊಟದ ಹೊತ್ತಿನ ಲೆಕ್ಕ ಅದಕ್ಕೆ ಬೇಕಿಲ್ಲ, ಬೇಗ ಹಿಡಿಯುತ್ತದೆ, ಬೆಲೆಯೂ ಹೆಚ್ಚು. ಎಲ್ಲರಿಗೂ ಬೇಕಾಗುವುದಿಲ್ಲ.

ಮಾತ್ರೆ ಬಿಡುವುದು ಹೇಗೆ

ಧಡಕ್ಕನೆ ನಿಲ್ಲಿಸಿದರೆ ನಾಲ್ಕೈದು ದಿನದಲ್ಲಿ ಉರಿ ಹಿಂದಿಗಿಂತ ಜೋರಾಗಿ ಬರಬಹುದು. ಆಗ "ನೋಡು, ನನಗೆ ಈ ಮಾತ್ರೆ ಇಲ್ಲದೆ ಆಗಲ್ಲ" ಅಂತ ತೀರ್ಮಾನ ಮಾಡಿಬಿಡುತ್ತೇವೆ. ಆದರೆ ಅದು ರೋಗ ಆಗಿರದೆ ಮಾತ್ರೆ ಬಿಟ್ಟದ್ದರ ಎದುರೇಟೂ ಆಗಿರಬಹುದು. ಡೆನ್ಮಾರ್ಕ್‌ನಲ್ಲಿ ಉರಿಯೇ ಇಲ್ಲದ ಆರೋಗ್ಯವಂತರಿಗೆ ಎಂಟು ವಾರ ಈ ಮಾತ್ರೆ ಕೊಟ್ಟು ನಿಲ್ಲಿಸಿ ನೋಡಿದರು. 2009ರಲ್ಲಿ ಫಲಿತಾಂಶ ಬಂತು. ನಿಲ್ಲಿಸಿದ ನಂತರದ ವಾರಗಳಲ್ಲಿ ಶೇ 44 ಮಂದಿಗೆ ಎದೆಯುರಿ, ಹುಳಿ ತೇಗಿನಂಥ ತೊಂದರೆ ಕಾಣಿಸಿಕೊಂಡಿತ್ತು. ಔಷಧಿಯೇ ಇಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ ಅದು ಶೇ 15.

ನನಗೆ ಡಾಕ್ಟರ್ ಹೇಳಿದ್ದು ಹೀಗೆ. ಮೊದಲು 40ರಿಂದ 20ಕ್ಕೆ ಇಳಿಸು, ಎರಡು ವಾರ. ಆಮೇಲೆ ದಿನ ಬಿಟ್ಟು ದಿನ, ಎರಡು ವಾರ. ಬಿಟ್ಟ ದಿನ ಉರಿ ಬಂದರೆ ಆಲ್ಜಿನೇಟ್ ಸಿರಪ್ ಅಥವಾ ಫಾಮೋಟಿಡಿನ್. ಆಮೇಲೆ ಪೂರ್ತಿ ನಿಲ್ಲಿಸಿ ಒಂದು ತಿಂಗಳು ತಡೆದುಕೋ. ಮೊದಲ ಸಲ ನಾನು ಸೋತೆ. ದಸರಾ ರಜೆಯಲ್ಲಿ ಶುರು ಮಾಡಿದ್ದೆ, ಅದು ಬುದ್ಧಿಯ ಕೆಲಸ ಆಗಿರಲಿಲ್ಲ. ಎರಡನೇ ಸಲ ಹಬ್ಬ, ಮದುವೆ ಇಲ್ಲದ ತಿಂಗಳು ನೋಡಿಕೊಂಡೆ.

ಕೆಲವರು ಮಾತ್ರೆ ಬಿಡಬಾರದು. ಎಂಡೋಸ್ಕೋಪಿಯಲ್ಲಿ ಅನ್ನನಾಳ ತೀವ್ರವಾಗಿ ಸುಟ್ಟಿರುವುದು ಕಂಡವರು, ಅಂದರೆ ರಿಪೋರ್ಟ್‌ನಲ್ಲಿ ಗ್ರೇಡ್ ಸಿ ಅಥವಾ ಡಿ ಅಂತ ಇದ್ದವರು, ಬ್ಯಾರೆಟ್ (ಆಮ್ಲದಿಂದ ಅನ್ನನಾಳದ ಒಳಪದರ ಬದಲಾಗಿರುವುದು) ಅಂತ ಬರೆದಿರುವವರು, ಅನ್ನನಾಳ ಕಿರಿದಾಗಿರುವವರು, ಹಿಂದೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಿ ಈಗಲೂ ಆಸ್ಪಿರಿನ್ ತಗೊಳ್ಳುತ್ತಿರುವವರು. ಇವರಿಗೆ ಮಾತ್ರೆಯೇ ಕಾವಲು.

ಅವರಿಗೆ ವಾಟ್ಸಾಪ್‌ನಲ್ಲಿ ಬರುವ "ಕಿಡ್ನಿ ಹೋಗುತ್ತೆ, ಮೂಳೆ ಪುಡಿಯಾಗುತ್ತೆ, ಮರೆವು ಬರುತ್ತೆ" ಅನ್ನುವ ಮೆಸೇಜುಗಳು ಬಹಳ ಹೆದರಿಸುತ್ತವೆ. 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ 17 ಸಾವಿರಕ್ಕೂ ಹೆಚ್ಚು ಜನರಲ್ಲಿ ಅರ್ಧ ಮಂದಿಗೆ ಪ್ಯಾಂಟೊಪ್ರಜೋಲ್, ಅರ್ಧ ಮಂದಿಗೆ ಹುಸಿ ಮಾತ್ರೆ ಕೊಟ್ಟು ಸುಮಾರು ಮೂರು ವರ್ಷ ಗಮನಿಸಿದರು. ಎದ್ದು ಕಂಡ ವ್ಯತ್ಯಾಸ ಕರುಳಿನ ಸೋಂಕು ಸ್ವಲ್ಪ ಹೆಚ್ಚಾದದ್ದು ಮಾತ್ರ. ಹಾಗಂತ ಕಣ್ಣು ಮುಚ್ಚಿ ನುಂಗುವುದೂ ಬೇಡ. ಮೂರು ವರ್ಷಕ್ಕಿಂತ ಆಚೆಯ ಲೆಕ್ಕ ಅದರಲ್ಲಿಲ್ಲ. ದೀರ್ಘಕಾಲ ನುಂಗಿದರೆ ಬಿ12 ಮತ್ತು ಮೆಗ್ನೀಸಿಯಂ ಇಳಿಯಬಹುದು. ಸಸ್ಯಾಹಾರಿಗಳಲ್ಲಿ ಬಿ12 ಮೊದಲೇ ಕಡಿಮೆ ಇರುವುದು ಸಾಮಾನ್ಯ. ಕಾಲು ಜೋಮು, ಸುಸ್ತು ಇದ್ದರೆ ಒಂದು ರಕ್ತ ಪರೀಕ್ಷೆ ಮಾಡಿಸಿ. ಕಬ್ಬಿಣದ ಮಾತ್ರೆಯೂ ಸರಿಯಾಗಿ ಹತ್ತುವುದಿಲ್ಲ ಅನ್ನುವುದು ಗಮನದಲ್ಲಿರಲಿ.

ಊಟದ ತಟ್ಟೆ

ಎಲ್ಲರಿಗೂ ಒಂದೇ ಪಥ್ಯದ ಪಟ್ಟಿ ಅನ್ನುವುದು ಸುಳ್ಳು. ಒಬ್ಬರಿಗೆ ಆಗದ ಟೊಮೆಟೊ ಸಾರು ಇನ್ನೊಬ್ಬರಿಗೆ ಏನೂ ಮಾಡುವುದಿಲ್ಲ. ನಿಮ್ಮ ನೋಟ್‌ಬುಕ್ಕೇ ನಿಮ್ಮ ಪಟ್ಟಿ. ಆದರೂ ಕೆಲವು ಪದೇ ಪದೇ ಸಿಕ್ಕಿಬೀಳುವ ಕಳ್ಳರಿದ್ದಾರೆ.

ಎಣ್ಣೆ, ಕೊಬ್ಬು ಮೊದಲನೆಯದು. ಎಣ್ಣೆಯಲ್ಲಿ ಮುಳುಗಿದ ಊಟ ಹೊಟ್ಟೆಯಿಂದ ಬೇಗ ಇಳಿಯುವುದಿಲ್ಲ, ಬಾಗಿಲನ್ನೂ ಸಡಿಲ ಮಾಡುತ್ತದೆ. ಬೋಂಡ, ಪೂರಿ-ಸಾಗು, ಬೆಣ್ಣೆ ದೋಸೆ, ರಾತ್ರಿ ಹನ್ನೊಂದರ ಬಿರಿಯಾನಿ. ಎರಡನೆಯದು ಖಾಲಿ ಹೊಟ್ಟೆಯ ಗಟ್ಟಿ ಕಾಫಿ. ನನಗೆ ಕಾಫಿ ಬಿಡಲು ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ. ತಿಂಡಿ ಆದ ಮೇಲೆ ಅರ್ಧ ಲೋಟಕ್ಕೆ ಇಳಿಸಿದೆ, ಅಷ್ಟಕ್ಕೇ ಫರಕು ಕಂಡಿತು. ಮೂರನೆಯದು ಹುಳಿ ಮತ್ತು ಖಾರ ಎರಡೂ ಸೇರಿದ್ದು: ಪುಳಿಯೋಗರೆ, ಗೊಜ್ಜು, ಉಪ್ಪಿನಕಾಯಿ. ಹಸಿ ಈರುಳ್ಳಿ, ಚಾಕೊಲೇಟ್, ಸೋಡಾ, ಮದ್ಯ ಕೂಡ ಈ ಸಾಲಿನವೇ. ಬೀಡಿ-ಸಿಗರೇಟು ಬಾಗಿಲನ್ನೂ ಸಡಿಲಿಸುತ್ತದೆ, ಆಮ್ಲ ತೊಳೆಯುವ ಜೊಲ್ಲನ್ನೂ ಕಡಿಮೆ ಮಾಡುತ್ತದೆ.

ಪುದೀನದ ವಿಷಯ ಹೇಳಲೇಬೇಕು. ಹೊಟ್ಟೆ ಸರಿಯಿಲ್ಲ ಅಂದ ಕೂಡಲೇ ಪುದೀನ ಗುಳಿಗೆ, ಪುದೀನ ಹನಿ ನೆನಪಾಗುತ್ತದೆ. ಕರುಳಿನ ನುಲಿತಕ್ಕೆ ಅದು ಸರಿ. ಆದರೆ ಪುದೀನದ ಎಣ್ಣೆ ಸ್ನಾಯುಗಳನ್ನು ಸಡಿಲ ಮಾಡುತ್ತದೆ, ನಮ್ಮ ಬಾಗಿಲೂ ಸ್ನಾಯುವೇ. ಕೆಲವರಿಗೆ ಉರಿ ಜಾಸ್ತಿ ಆಗುತ್ತದೆ. ತಣ್ಣನೆ ಹಾಲೂ ಅಷ್ಟೆ. ಕುಡಿದಾಗ ಹಾಯ್ ಅನಿಸುತ್ತದೆ, ಆಮೇಲೆ ಹಾಲಿನ ಪ್ರೋಟೀನು, ಕ್ಯಾಲ್ಸಿಯಂ ಹೊಟ್ಟೆಗೆ ಮತ್ತೆ ಆಮ್ಲ ಸುರಿಸಲು ಹೇಳುತ್ತವೆ.

ತಿನ್ನಲು ಏನಿದೆ ಅಂದರೆ, ಬೇಕಾದಷ್ಟಿದೆ. ಇಡ್ಲಿ, ಖಾರ ಕಡಿಮೆ ಮಾಡಿದ ಉಪ್ಪಿಟ್ಟು, ಜೋಳದ ರೊಟ್ಟಿ ಜೊತೆ ಸೊಪ್ಪಿನ ಪಲ್ಯ, ಹೆಸರುಬೇಳೆ ತೊವ್ವೆ, ಸೋರೆಕಾಯಿ, ಹೀರೆಕಾಯಿ, ಹೆಸರುಬೇಳೆ ಕೋಸಂಬರಿ, ಬಾಳೆಹಣ್ಣು, ಪಪ್ಪಾಯಿ, ಹುಳಿಯಿಲ್ಲದ ನೀರು ಮಜ್ಜಿಗೆ. ಹುಣಸೆಹಣ್ಣನ್ನು ಪೂರ್ತಿ ಬಿಡಬೇಕಿಲ್ಲ, ಅರ್ಧ ಮಾಡಿ. ನಮ್ಮ ಅತ್ತೆ ಸಾರಿಗೆ ಹುಣಸೆ ಕಡಿಮೆ ಹಾಕಿ "ಇದು ಸಾರಾ, ಬೇಳೆ ಕಟ್ಟಾ?" ಅಂತ ಒಂದು ತಿಂಗಳು ಗೊಣಗಿದರು. ಈಗ ಅದೇ ಅಭ್ಯಾಸ ಆಗಿದೆ.

ಏನು ತಿನ್ನುತ್ತೇವೆ ಅನ್ನುವುದಕ್ಕಿಂತ ಎಷ್ಟು, ಯಾವಾಗ ಅನ್ನುವುದೇ ಹೆಚ್ಚು ಮುಖ್ಯ ಅಂತ ನನ್ನ ಅನುಭವ. ಹೊಟ್ಟೆ ಬಿರಿಯ ಎರಡು ಊಟದ ಬದಲು ಸಣ್ಣ ನಾಲ್ಕು. ಮಲಗುವುದಕ್ಕೆ ಮೂರು ಗಂಟೆ ಮುಂಚೆ ರಾತ್ರಿ ಊಟ. ಉಂಡ ಮೇಲೆ ಮಧ್ಯಾಹ್ನ ಅಡ್ಡಾಗುವ ಆಸೆ ಇದ್ದರೆ ಈಸಿಚೇರ್‌ನಲ್ಲಿ ಒರಗಿ. ಸೊಂಟದ ಬೆಲ್ಟು, ಸೀರೆ ಉಡುವವರ ಲಂಗದ ಲಾಡಿ ಬಿಗಿಯಾಗಿದ್ದರೂ ಹೊಟ್ಟೆ ಒತ್ತಿ ಆಮ್ಲ ಮೇಲೇರುತ್ತದೆ. ಉಂಡ ಕೂಡಲೇ ಬಗ್ಗಿ ನೆಲ ಒರೆಸುವುದು, ಕಳೆ ಕೀಳುವುದು ಬೇಡ. ಯೋಗ ಮಾಡುವವರು ಶೀರ್ಷಾಸನ, ಸರ್ವಾಂಗಾಸನ, ಹಲಾಸನ ಬಿಡಿ.

ತೂಕ ಜಾಸ್ತಿ ಇದ್ದರೆ, ಅದರಲ್ಲೂ ಹೊಟ್ಟೆ ಮುಂದೆ ಬಂದಿದ್ದರೆ, ಅದನ್ನು ಇಳಿಸುವಷ್ಟು ಪರಿಣಾಮ ಬೇರೆ ಯಾವ ಪಥ್ಯದಿಂದಲೂ ಬರುವುದಿಲ್ಲ. ನನಗೆ ಆರು ಕೆಜಿ ಇಳಿದಾಗ ರಾತ್ರಿ ಎದ್ದು ಕೂರುವುದು ನಿಂತಿತು.

ಮಂಚಕ್ಕೆ ಎರಡು ಇಟ್ಟಿಗೆ

ಎರಡು ದಿಂಬು ಇಟ್ಟುಕೊಂಡು ಮಲಗುವುದು ಸರಿಯಲ್ಲ. ಕತ್ತು ಮಾತ್ರ ಬಾಗುತ್ತದೆ, ಹೊಟ್ಟೆ ಮಡಿಚಿ ಒತ್ತಡ ಇನ್ನೂ ಹೆಚ್ಚುತ್ತದೆ. ಮಂಚದ ತಲೆ ಕಡೆಯ ಎರಡು ಕಾಲುಗಳ ಕೆಳಗೆ ಆರರಿಂದ ಎಂಟು ಇಂಚು ಎತ್ತರಿಸಬೇಕು. ಮರದ ದಿಮ್ಮಿ ಒಳ್ಳೇದು. ಇಟ್ಟಿಗೆಯಾದರೆ ಕಾಲು ಜಾರದ ಹಾಗೆ ನೋಡಿಕೊಳ್ಳಿ. ದಿವಾನ್ ಮಂಚ ಆದರೆ ಸೊಂಟದಿಂದ ಮೇಲಕ್ಕೆ ಇಳಿಜಾರಾಗಿರುವ ಫೋಮ್ ದಿಂಬು ಸಿಗುತ್ತದೆ. ಎಡ ಮಗ್ಗುಲಲ್ಲಿ ಮಲಗಿ. ಆ ಮಗ್ಗುಲಲ್ಲಿ ಹೊಟ್ಟೆ ಕೆಳಗೆ, ಅನ್ನನಾಳದ ಬಾಯಿ ಮೇಲೆ ಬರುತ್ತದೆ. ಬಲ ಮಗ್ಗುಲಲ್ಲಿ ಇದು ಉಲ್ಟಾ.

ಪರೀಕ್ಷೆಗಳು

ಎಂಡೋಸ್ಕೋಪಿ ಅಂದರೆ ಜನ ಹೆದರುತ್ತಾರೆ. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆಯುತ್ತಾರೆ, ಬೇಕಾದರೆ ಮಂಪರು ಕೊಡುತ್ತಾರೆ. ಹತ್ತು ನಿಮಿಷದ ಕೆಲಸ. ಮಂಪರು ತಗೊಂಡರೆ ಆ ದಿನ ಗಾಡಿ ಓಡಿಸುವ ಹಾಗಿಲ್ಲ, ಜೊತೆಗೆ ಒಬ್ಬರು ಬೇಕು. ಮಾತ್ರೆ ತಗೊಳ್ಳುತ್ತಲೇ ಎಂಡೋಸ್ಕೋಪಿ ಮಾಡಿಸಿದರೆ ಗಾಯ ಮಾಗಿ ಎಲ್ಲ ಸರಿಯಾಗಿರುವ ಹಾಗೆ ಕಾಣಬಹುದು. ಎರಡರಿಂದ ನಾಲ್ಕು ವಾರ ಮಾತ್ರೆ ನಿಲ್ಲಿಸಿ ಬರಬೇಕಾ ಅಂತ ಮುಂಚೆಯೇ ಕೇಳಿ. ನನ್ನದು ಮೊದಲ ಸಲ ಹಾಗೇ ಆಯಿತು. ಯಾರೂ ಹೇಳಿರಲಿಲ್ಲ, "ನಾರ್ಮಲ್" ಅಂತ ಬಂತು, ಮನೆಗೆ ಕಳಿಸಿದರು.

ಎಂಡೋಸ್ಕೋಪಿ ನಾರ್ಮಲ್ ಇದ್ದೂ ಉರಿ ಇದ್ದರೆ 24 ಗಂಟೆಯ ಪಿಎಚ್ ಪರೀಕ್ಷೆ. ಮೂಗಿನಿಂದ ಸಣ್ಣ ತಂತಿ ಇಳಿಸಿ, ಸೊಂಟಕ್ಕೆ ಪುಟ್ಟ ಪೆಟ್ಟಿಗೆ ಕಟ್ಟಿ ಮನೆಗೆ ಕಳಿಸುತ್ತಾರೆ. ಅನ್ನನಾಳದಲ್ಲಿ ಆಮ್ಲ ಇರುವ ಹೊತ್ತು ದಿನದ ಶೇ 6ಕ್ಕಿಂತ ಹೆಚ್ಚಿದ್ದರೆ ರಿಫ್ಲಕ್ಸ್ (ಆಮ್ಲ ಮೇಲೇರುವ ಕಾಯಿಲೆ) ಖಚಿತ, ಶೇ 4ಕ್ಕಿಂತ ಕಡಿಮೆ ಇದ್ದರೆ ಸರಿಯಿದೆ ಅಂತ ಲೆಕ್ಕ. ಇದು ಎಲ್ಲ ಊರಲ್ಲಿ ಸಿಗುವುದಿಲ್ಲ, ದೊಡ್ಡ ಆಸ್ಪತ್ರೆಗೇ ಹೋಗಬೇಕು.

ಇಷ್ಟು ಯಾಕೆ ಬೇಕು ಅಂದರೆ, ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೋಡಿ. ಮಾತ್ರೆಗೆ ಬಗ್ಗದ ಎದೆಯುರಿ ಅಂತ ಬಂದವರು 366 ಮಂದಿ. ಒಮೆಪ್ರಜೋಲನ್ನು ಊಟಕ್ಕೆ ಮುಂಚೆ, ಸರಿಯಾದ ಹೊತ್ತಿಗೆ ನುಂಗಿಸಿದ್ದಕ್ಕೇ 42 ಮಂದಿಗೆ ಎರಡು ವಾರದಲ್ಲಿ ಗುಣವಾಯಿತು. 99 ಮಂದಿಯ ಉರಿಗೆ ಆಮ್ಲ ಕಾರಣವೇ ಆಗಿರಲಿಲ್ಲ. ಅವರ ಅನ್ನನಾಳದ ನರಗಳೇ ಸೂಕ್ಷ್ಮವಾಗಿದ್ದವು. ಎಲ್ಲ ಸೋಸಿ ಕೊನೆಗೆ ಚಿಕಿತ್ಸೆಯ ಹೋಲಿಕೆಗೆ ಉಳಿದವರು 78. ಅವರಲ್ಲಿ ಆಪರೇಷನ್ ಆದವರಲ್ಲಿ ಶೇ 67 ಮಂದಿಗೆ ಗುಣ ಕಂಡಿತು, ಹೆಚ್ಚುವರಿ ಔಷಧಿ ಕೊಟ್ಟವರಲ್ಲಿ ಶೇ 28. ಸರಿಯಾದ ಮನುಷ್ಯನಿಗೆ ಆಪರೇಷನ್ ಬಹಳ ಒಳ್ಳೇದು. ಉಳಿದವರಿಗೆ ಸುಮ್ನೆ ಹೊಟ್ಟೆ ಕೊಯ್ಸಿಕೊಂಡ ಹಾಗೆ.

ಆಪರೇಷನ್

ಇದರ ಹೆಸರು ಫಂಡೋಪ್ಲಿಕೇಶನ್. ಹೊಟ್ಟೆಯ ಮೇಲ್ಭಾಗವನ್ನು ಅನ್ನನಾಳದ ಕೊನೆಗೆ ಮಫ್ಲರ್ ಸುತ್ತಿದ ಹಾಗೆ ಸುತ್ತಿ ಹೊಲಿಯುತ್ತಾರೆ. ವಪೆಯ ತೂತು ದೊಡ್ಡದಾಗಿದ್ದರೆ ಅದನ್ನೂ ಬಿಗಿ ಮಾಡುತ್ತಾರೆ. ರುಡಾಲ್ಫ್ ನಿಸೆನ್ ಅನ್ನುವ ಸರ್ಜನ್ 1956ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. 1948ರಲ್ಲಿ ಐನ್‌ಸ್ಟೈನ್ ಹೊಟ್ಟೆಯ ಉಬ್ಬಿದ ರಕ್ತನಾಳಕ್ಕೆ ಸೆಲೋಫೇನ್ ಸುತ್ತಿದ್ದೂ ಇವರೇ. ಸುತ್ತುವುದರಲ್ಲಿ ಎತ್ತಿದ ಕೈ. 1991ರಿಂದ ಇದನ್ನು ಸಣ್ಣ ತೂತುಗಳ ಮೂಲಕ ಲ್ಯಾಪರೋಸ್ಕೋಪಿಯಲ್ಲಿ ಮಾಡುತ್ತಾರೆ. ಪೂರ್ತಿ ಸುತ್ತು ಹಾಕಿದರೆ ನಿಸೆನ್, ಮುಕ್ಕಾಲು ಸುತ್ತಾದರೆ ಟೂಪೆ. ಮುಕ್ಕಾಲು ಸುತ್ತಿನಲ್ಲಿ ನುಂಗುವ ತೊಂದರೆ, ಗ್ಯಾಸ್ ಕಟ್ಟುವುದು ಕಡಿಮೆ.

ಯಾರು ಯೋಚಿಸಬಹುದು? ಪರೀಕ್ಷೆಯಲ್ಲಿ ರಿಫ್ಲಕ್ಸ್ ಖಚಿತವಾದವರು. ದೊಡ್ಡ ಹರ್ನಿಯಾ ಇರುವವರು. ಮಾತ್ರೆಯಿಂದ ಉರಿ ಹೋದರೂ ಊಟವೇ ಬಾಯಿಗೆ ವಾಪಸ್ ಬರುವವರು. ಜೀವಮಾನವಿಡೀ ಮಾತ್ರೆ ಬೇಡ ಅನ್ನುವ ಚಿಕ್ಕ ವಯಸ್ಸಿನವರು. ಒಂದು ವಿಚಿತ್ರ ಏನೆಂದರೆ, ಮಾತ್ರೆಯಿಂದ ಒಳ್ಳೆ ಗುಣ ಕಂಡವರಿಗೇ ಆಪರೇಷನ್ ಕೂಡ ಚೆನ್ನಾಗಿ ಫಲಿಸುತ್ತದೆ. ಮಾತ್ರೆಯಿಂದ ಒಂಚೂರೂ ಫರಕು ಕಾಣದವರು ಎರಡು ಸಲ ಯೋಚಿಸಬೇಕು.

ಸರ್ಜನ್ ಎದುರು ಕೂತಾಗ ಇಷ್ಟು ಕೇಳಿ. ಮ್ಯಾನೊಮೆಟ್ರಿ ಮಾಡಿಸಿದ್ದೀರಾ? ಅನ್ನನಾಳದ ತಳ್ಳುವ ಶಕ್ತಿ ಅಳೆಯುವ ಪರೀಕ್ಷೆ ಇದು. ಶಕ್ತಿ ಇಲ್ಲದಿದ್ದಾಗ ಬಿಗಿ ಸುತ್ತು ಹಾಕಿದರೆ ಊಟ ಇಳಿಯುವುದಿಲ್ಲ. ನನಗೆ ಪೂರ್ತಿ ಸುತ್ತಾ, ಮುಕ್ಕಾಲಾ, ಯಾಕೆ? ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ? ವಿಮೆ ಇದ್ದರೆ ಮುಂಚೆಯೇ ಒಪ್ಪಿಗೆ ಸಿಗುತ್ತದಾ? ತೂಕ ಬಹಳ ಜಾಸ್ತಿ ಇರುವವರು ಇನ್ನೊಂದನ್ನೂ ಕೇಳಬೇಕು. ತೂಕ ಇಳಿಸಲು ಹೊಟ್ಟೆಯನ್ನು ಕೊಯ್ದು ಸಣ್ಣದು ಮಾಡುವ ಸ್ಲೀವ್ ಆಪರೇಷನ್ ರಿಫ್ಲಕ್ಸನ್ನು ಹೆಚ್ಚು ಮಾಡಬಹುದು. ಅಂಥವರಿಗೆ ಹೊಟ್ಟೆಯ ಬೈಪಾಸ್ (ಹೃದಯದ್ದಲ್ಲ) ಮಾದರಿ ಮೇಲು.

ಶಾಶ್ವತ ಗ್ಯಾರಂಟಿ ಯಾರೂ ಕೊಡುವುದಿಲ್ಲ. ಸ್ವೀಡನ್‌ನಲ್ಲಿ ಈ ಆಪರೇಷನ್ ಆದ 2,655 ಮಂದಿಯ ದಾಖಲೆ ನೋಡಿದಾಗ ಶೇ 17.7 ಮಂದಿಗೆ ರಿಫ್ಲಕ್ಸ್ ಮರಳಿ ಬಂದಿತ್ತು. ಯುರೋಪಿನ ಇನ್ನೊಂದು ಐದು ವರ್ಷದ ಹೋಲಿಕೆಯಲ್ಲಿ ಮಾತ್ರೆಯವರಲ್ಲಿ ಶೇ 92, ಆಪರೇಷನ್ ಆದವರಲ್ಲಿ ಶೇ 85 ಮಂದಿ ಹಾಯಾಗಿದ್ದರು. ಎರಡೂ ಚೆನ್ನಾಗಿಯೇ ಇವೆ.

ಆಪರೇಷನ್ ಆದ ಮೇಲಿನ ದಿನಗಳು

ನಮ್ಮ ಭಾವನಿಗೆ ದೊಡ್ಡ ಹರ್ನಿಯಾ ಇತ್ತು, ಮಾಡಿಸಿದರು. ಎರಡು ದಿನ ಆಸ್ಪತ್ರೆ. ಭುಜದಲ್ಲಿ ನೋವು ಬಂದು ಗಾಬರಿಯಾಗಿದ್ದರು. ಲ್ಯಾಪರೋಸ್ಕೋಪಿಗೆ ಹೊಟ್ಟೆಗೆ ತುಂಬಿದ ಗಾಳಿಯಿಂದ ಅದು ಬರುತ್ತದೆ, ಕೆಲವು ದಿನದಲ್ಲಿ ಹೋಗುತ್ತದೆ. ಮೊದಲ ವಾರ ಗಂಜಿ, ಸೋಸಿದ ಸಾರು, ಮಜ್ಜಿಗೆ. ಆಮೇಲೆ ಮೆತ್ತಗೆ ಕಲಸಿದ ಅನ್ನ, ಚೆನ್ನಾಗಿ ನೆನೆಸಿದ ಇಡ್ಲಿ. ನಾಲ್ಕರಿಂದ ಆರು ವಾರ ಮೆತ್ತಗಿನದೇ. ಭಾರ ಎತ್ತುವ ಹಾಗಿಲ್ಲ. ಮಾತ್ರೆಯನ್ನೂ ಪುಡಿ ಮಾಡಬಹುದಾದರೆ ಪುಡಿ ಮಾಡಿ ಅಂದಿದ್ದರು.

ಮೊದಲ ಕೆಲವು ವಾರ ನುಂಗಿದ್ದು ಎದೆಯಲ್ಲಿ ತಡೆದ ಹಾಗಾಗುವುದು ಸಹಜ. ಊತ ಇಳಿದ ಹಾಗೆ ಸರಿಹೋಗುತ್ತದೆ. ಆದರೆ ನೀರೂ ಇಳಿಯದಿದ್ದರೆ, ಜ್ವರ ಬಂದರೆ, ಹೊಟ್ಟೆ ನೋವು ಜೋರಾದರೆ, ವಾಂತಿ ಒತ್ತರಿಸಿ ಬರುತ್ತಿದ್ದರೆ ಆ ದಿನವೇ ಸರ್ಜನ್‌ಗೆ ಫೋನ್ ಮಾಡಿ. ತೇಗು ಸರಿಯಾಗಿ ಬರದೆ ಹೊಟ್ಟೆ ಉಬ್ಬುವುದು ಇನ್ನೂ ಹಲವು ತಿಂಗಳು ಇರಬಹುದು. ಸೋಡಾ ಮುಟ್ಟಬೇಡಿ. ಗಬಗಬ ತಿನ್ನುವ ಅಭ್ಯಾಸ ಇದ್ದರೆ ಗಾಳಿಯೂ ಜೊತೆಗೆ ಹೋಗುತ್ತದೆ.

ಭಾವನಿಗೆ ಕಷ್ಟವಾದದ್ದು ಮುದ್ದೆ. ಮುದ್ದೆಯನ್ನು ಜಗಿಯುವುದಿಲ್ಲವಲ್ಲ, ನುಂಗುವುದು. ಹೊಸ ಹೊಲಿಗೆಯ ಮೇಲೆ ಹಿಡಿಯಷ್ಟು ತುತ್ತು ಬಂದು ಕೂತರೆ ಅಷ್ಟೇ ಗತಿ. ಬ್ರೆಡ್ಡು, ಚಪಾತಿ, ಒಣ ಮಾಂಸದ ತುಂಡು ಕೂಡ ಹೀಗೇ ಸಿಕ್ಕಿಕೊಳ್ಳುತ್ತವೆ. ಡಯಟಿಷಿಯನ್ ಕೊಟ್ಟ ಹಾಳೆಯಲ್ಲಿ ಬ್ರೆಡ್ ಇತ್ತು, ಪಾಸ್ತಾ ಇತ್ತು, ಮುದ್ದೆ ಇರಲಿಲ್ಲ. ನಾವೇ ಕೇಳಬೇಕಾಯಿತು. ಮೂರು ತಿಂಗಳಾದ ಮೇಲೆ ಅಕ್ಕ ಮೆತ್ತಗೆ ತೊಳಸಿದ ಮುದ್ದೆಯನ್ನು ಗೋಲಿ ಗಾತ್ರಕ್ಕೆ ಮುರಿದು, ಬಸ್ಸಾರಲ್ಲಿ ಅದ್ದಿ ಕೊಟ್ಟಳು. ಮೊದಲ ತುತ್ತು ಇಳಿಯುವವರೆಗೂ ಮನೆಯಲ್ಲಿ ಯಾರೂ ಮಾತಾಡಲಿಲ್ಲ.